ಮೂತ್ರಾಂಗ ಮತ್ತು ಪ್ರಜನನಾಂಗಗಳ ಕ್ಷಯ: ನಿದಾನಪಂಚಕದ ದೃಷ್ಟಿಯಿಂದ ಒಂದು ವಿವೇಚನೆ

ಆಯುರ್ವೇದ ಗ್ರಂಥಗಳಲ್ಲಿ ನಿದಾನವೆಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ರೋಗಕ್ಕೆ ಕಾರಣವಾದುದು ನಿದಾನವೆಂಬುದು ಒಂದು. ರೋಗವು ಇಂಥದೇ ಎಂದು ನಿಶ್ಚಯಿಸುವ ಕ್ರಮವೆಲ್ಲವೂ ನಿದಾನವೆಂಬುದು ಇನ್ನೊಂದು. ಈ ನಿಶ್ಚಯಕ್ಕೆ ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂಬ ಐದು ಸಾಧನಗಳನ್ನು ಪೂರ್ವಾಚಾರ್ಯರು ಹೇಳಿದರು. ಮಾಧವಕರನ ಗ್ರಂಥವು ಈ ಐದನ್ನೇ ತಳಹದಿಯಾಗಿ ಮಾಡಿಕೊಂಡು ಬೆಳೆದಿದೆ. ಇಂದಿನ ವೈದ್ಯಶಾಸ್ತ್ರವು ಗುರುತಿಸಿರುವ ಒಂದು ರೋಗವನ್ನು ಈ ಐದು ಸಾಧನಗಳಿಂದ ಪರೀಕ್ಷಿಸಿ ನೋಡಿದರೆ, ಹಳೆಯ ಕ್ರಮದಲ್ಲಿ ಇಂದಿಗೂ ಬಾಳುವ ಅಂಶವಾವುದು, ಬಿಡಬೇಕಾದ ಅಂಶವಾವುದು ಎಂಬುದು ಚೆನ್ನಾಗಿ ತಿಳಿದುಬರುವುದು. ಆ ರೋಗವೇ ಮೂತ್ರಾಂಗ ಮತ್ತು ಪ್ರಜನನಾಂಗಗಳ ಕ್ಷಯ. ಮೂತ್ರಪಿಂಡ, ಮೂತ್ರನಾಳ, ಮೂತ್ರಾಶಯಗಳಲ್ಲಿಯೂ, ಪುರುಷರ ವೃಷಣಭಾಗದಲ್ಲಿಯೂ, ಸ್ತ್ರೀಯರ ಅಂಡನಾಳ ಗರ್ಭಾಶಯಗಳಲ್ಲಿಯೂ ನೆಲೆಸುವ ಕ್ಷಯವನ್ನು ಒಂದೇ ಹೆಸರಿನಿಂದ ಕರೆಯುವ ರೂಢಿಗೆ ೧೯೩೭ರಲ್ಲಿ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಹಾನ್ಸ್ ವಿಲ್ಡ್‌ಬೋಲ್ಟ್ಸ್ ಕಾರಣನಾದನು.

ಪ್ರಾಚೀನರು ಈ ರೋಗವನ್ನು ಒಂದೇ ಎಡೆಯಲ್ಲಿ ಕಂಡವರಲ್ಲ. ಚರಕಸಂಹಿತೆಯ ನಿದಾನಸ್ಥಾನದಲ್ಲಿ ಶೋಷವೆಂದೂ, ಚಿಕಿತ್ಸಾಸ್ಥಾನದಲ್ಲಿ ರಾಜಯಕ್ಷ್ಮವೆಂದೂ ಕ್ಷಯದ ವರ್ಣನೆ ಬಂದಿದೆ. ಶಕ್ತಿಮೀರಿದ ಸಾಹಸ, ವೇಗಗಳನ್ನು ತಡೆಯುವುದು, ಧಾತುಗಳ ಕ್ಷಯ, ವಿಷಮವಾದ ಆಹಾರ ಎಂಬ ನಾಲ್ಕು ಅದಕ್ಕೆ ಕಾರಣಗಳು. ಮೂತ್ರದ ಬಾಧೆಗಳಾದರೋ ಮೂತ್ರಕೃಚ್ಛ್ರ, ಮೂತ್ರಾಘಾತ ಎಂಬ ಬೇರೆ ಅಧ್ಯಾಯಗಳಿಗೆ ಸೇರಿದವು. ಬಂಜೆತನವು ಯೋನಿವ್ಯಾಪತ್ತುಗಳ ಪ್ರಕರಣಕ್ಕೆ ಸೇರಿತು. ಮೂತ್ರವನ್ನು ಉಂಟುಮಾಡುವುದು ವೃಕ್ಕಗಳ ಕಾರ್ಯವೆಂಬುದೂ ಅಂದು ಸ್ಪಷ್ಟವಾಗಿರಲಿಲ್ಲ. ಕೊರಳವರೆಗೆ ನೀರಿನಲ್ಲಿ ಮುಳುಗಿಸಿದ ಹೊಸ ಮಡಕೆಯು ಸುತ್ತಣಿಂದ ಒಸರಿ ತುಂಬುವಂತೆ ಬಸ್ತಿಯು ತುಂಬುವುದೆಂದು ಸುಶ್ರುತನು ಹೋಲಿಸಿರುವನು. ಹೀಗಾಗಿ ಒಂದೇ ರೋಗದ ಲಕ್ಷಣಗಳು ಮೂರು ನಾಲ್ಕು ಹೆಸರುಗಳಲ್ಲಿ ಚದರಿಹೋದವು.

ಇದಕ್ಕಿಂತಲೂ ಹೆಚ್ಚಿನ ಪರಿಣಾಮವನ್ನು ಉಂಟುಮಾಡಿದುದು ಇನ್ನೊಂದು ಭಾವನೆ. ಅತಿಯಾದ ಸ್ತ್ರೀಸಂಗದಿಂದ ಶುಕ್ರವು ಕ್ಷೀಣಿಸಿ, ಅದರಿಂದ ಉಳಿದ ಧಾತುಗಳೂ ಒಂದೊಂದಾಗಿ ಕ್ಷೀಣಿಸುವುದುಂಟೆಂದು ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಹೇಳಿದೆ. ವ್ಯಾಖ್ಯಾನಕಾರರು ಇದಕ್ಕೆ ಪ್ರತಿಲೋಮಕ್ಷಯವೆಂದು ಹೆಸರಿಟ್ಟರು. ರೋಹಿಣಿಯಲ್ಲಿಯೇ ಆಸಕ್ತನಾದ ಚಂದ್ರನಿಗೆ ದಕ್ಷನ ಕೋಪದಿಂದ ಯಕ್ಷ್ಮವು ಬಂದಿತೆಂಬ ಕಥೆಯೂ ಈ ಭಾವನೆಯನ್ನೇ ಪೋಷಿಸಿತು. ಕಥೆಯ ಕಾವ್ಯಸೌಂದರ್ಯವು ಎಷ್ಟೇ ಇರಲಿ, ಕ್ಷಯವು ಭೋಗದ ಫಲವೆಂಬ ಅಪವಾದವು ಅದರೊಡನೆ ಜನಮನಸ್ಸಿನಲ್ಲಿ ಬೇರೂರಿತು. ಜನನೇಂದ್ರಿಯದಲ್ಲಿಯೇ ಕಾಣಿಸಿಕೊಳ್ಳುವ ಕ್ಷಯಕ್ಕೆ ಈ ಅಪವಾದವು ಇಮ್ಮಡಿಯಾಗಿ ಅಂಟುವುದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ನಿಜವಾದ ನಿದಾನವು ಯಾವುದೆಂಬುದು ೧೮೮೨ನೆಯ ಮಾರ್ಚಿ ೨೪ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಖ್ ಎಂಬ ವಿದ್ವಾಂಸನು ಕ್ಷಯದ ಜೀವಾಣುವನ್ನು ತೋರಿಸಿದಾಗ ಹೊರಬಿದ್ದಿತು. ಆ ಜೀವಾಣುವು ಕ್ಷಯರೋಗಿಯ ಕೆಮ್ಮಿನೊಡನೆ ಗಾಳಿಯಲ್ಲಿ ಸೇರಿ, ಇನ್ನೊಬ್ಬರ ಉಸಿರಿನ ಮೂಲಕ ಶ್ವಾಸಕೋಶವನ್ನು ಹೊಗುವುದು. ಅಲ್ಲಿಂದ ರಕ್ತದೊಡನೆ ಶರೀರದ ಇತರ ಅಂಗಗಳಿಗೆ ಹೋಗಿ ಸೇರುವುದು. ಮೂತ್ರಪಿಂಡಕ್ಕೆ ರಕ್ತವು ಹೇರಳವಾಗಿ ಹರಿಯುವುದರಿಂದ ಅದರ ಹೊರಪದರದಲ್ಲಿ ಜೀವಾಣುಗಳು ನಿಲ್ಲುವುದು ಸುಲಭ. ಶ್ವಾಸಕೋಶದ ಕ್ಷಯದಿಂದ ಮೃತರಾದವರ ಮೂತ್ರಪಿಂಡಗಳನ್ನು ಮೆಡ್ಲರ್ ಎಂಬ ಅಮೆರಿಕದ ವೈದ್ಯನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿ, ಬದುಕಿದ್ದಾಗ ಮೂತ್ರದ ಬಾಧೆಯೇ ಇಲ್ಲದವರಲ್ಲಿಯೂ ಎರಡು ಪಿಂಡಗಳಲ್ಲಿಯೂ ಸಣ್ಣ ಸಣ್ಣ ಗಂಟುಗಳಿದ್ದುದನ್ನು ೧೯೨೬ರಲ್ಲಿ ಪ್ರಕಟಿಸಿದನು. ಇವುಗಳಲ್ಲಿ ಬಹುಪಾಲು ತಾವಾಗಿಯೇ ಮಾಯುವುವು. ಕೆಲವು ಮಾತ್ರ ಬೂದಿ ಮುಚ್ಚಿದ ಕೆಂಡದಂತೆ ಹತ್ತು, ಇಪ್ಪತ್ತು ವರ್ಷಗಳವರೆಗೂ ಅಡಗಿದ್ದು, ವಯಸ್ಸು, ಮಧುಮೇಹ, ಎಚ್.ಐ.ವಿ. ಮೊದಲಾದವುಗಳಿಂದ ದೇಹಬಲವು ಕುಂದಿದಾಗ ತಲೆಯೆತ್ತುವುವು. ಸ್ತ್ರೀಪುರುಷರ ಸಂಪರ್ಕದಿಂದ ಈ ರೋಗವು ಹರಡುವುದು ಅತ್ಯಂತ ವಿರಳ. ಆದುದರಿಂದ ರೋಗವು ಕಾಣುವ ಸ್ಥಾನ ಬೇರೆ, ಅದು ಬಂದ ದಾರಿ ಬೇರೆ. ಈ ಭೇದವನ್ನು ಗ್ರಹಿಸಿದರೆ ಪ್ರತಿಲೋಮಕ್ಷಯದ ಕಲ್ಪನೆಗೆ ಇಲ್ಲಿ ಆಧಾರವಿಲ್ಲವೆಂಬುದು ಸ್ಪಷ್ಟವಾಗುವುದು.

ಇನ್ನು ಸಂಪ್ರಾಪ್ತಿ. ಹೊರಪದರದ ಗಂಟು ಒಳಪದರಕ್ಕೆ ಇಳಿದು, ಮೂತ್ರವು ಸಂಗ್ರಹವಾಗುವ ಬಟ್ಟಲುಗಳಿಗೆ ಒಡೆದುಕೊಳ್ಳುವುದು. ಅಲ್ಲಿಂದ ಜೀವಾಣುಗಳು ಮೂತ್ರದೊಡನೆ ಕೆಳಗೆ ಹರಿದು ಮೂತ್ರನಾಳವನ್ನೂ ಮೂತ್ರಾಶಯವನ್ನೂ ಕೆಡಿಸುವುವು. ಈ ರೋಗದಲ್ಲಿ ಗಮನಿಸಬೇಕಾದ ವಿಶೇಷವೆಂದರೆ, ಹುಣ್ಣಿನಷ್ಟೇ ಹಾನಿಯನ್ನು ಹುಣ್ಣು ಮಾಯುವುದೂ ಮಾಡುತ್ತದೆ. ಮಾಯುವಾಗ ಬೆಳೆಯುವ ನಾರು ಸಂಕುಚಿತವಾಗಿ ಮೂತ್ರನಾಳವನ್ನು ಬಿಗಿಯುವುದು. ಮೇಲಣ ಪಿಂಡವು ಹೊರಹೋಗದ ಮೂತ್ರದಿಂದ ಊದಿಕೊಂಡು ಕ್ರಮೇಣ ನಿಷ್ಪ್ರಯೋಜಕವಾಗುವುದು. ಕಡೆಗೆ ಅದು ಸುಣ್ಣದಂಥ ದ್ರವ್ಯದಿಂದ ತುಂಬಿದ ಚೀಲವಾಗಿ ಉಳಿಯುವುದೂ ಉಂಟು. ಮೂತ್ರಾಶಯವು ಕುಗ್ಗಿ ಹೆಬ್ಬೆರಳಿನ ಗಾತ್ರಕ್ಕೆ ಇಳಿದರೆ ರೋಗಿಗೆ ಹಗಲೂ ಇರುಳೂ ವಿಶ್ರಾಂತಿಯಿಲ್ಲ. ಇಷ್ಟೆಲ್ಲ ಆಗುವವರೆಗೆ ನೋವೇ ಇಲ್ಲದಿರಬಹುದೆಂಬುದು ಈ ರೋಗದ ಕ್ರೌರ್ಯ.

ಪೂರ್ವರೂಪವು ಹೀಗೆ ಬಹುಮಟ್ಟಿಗೆ ಅವ್ಯಕ್ತವಾಗಿರುತ್ತದೆ. ಕ್ಷಯವೆಂದೊಡನೆ ನೆನಪಿಗೆ ಬರುವ ಕೆಮ್ಮು, ಸಂಜೆಯ ಜ್ವರ, ಬೆವರು, ಕೃಶತೆ ಇವು ಇಲ್ಲಿ ಅನೇಕರಲ್ಲಿ ಕಾಣುವುದೇ ಇಲ್ಲ. ರೂಪವು ವ್ಯಕ್ತವಾದಾಗಲೂ ಅದು ಸಾಮಾನ್ಯ ಬಾಧೆಯ ವೇಷದಲ್ಲಿ ಬರುತ್ತದೆ. ಮೂತ್ರವು ಮೇಲಿಂದ ಮೇಲೆ ಬರುವುದು, ಅದರಲ್ಲಿಯೂ ರಾತ್ರಿ ಹಲವು ಸಲ ಏಳಬೇಕಾಗುವುದು; ಉರಿ; ಕೆಲವೊಮ್ಮೆ ರಕ್ತ; ಪಕ್ಕೆಯಲ್ಲಿ ಮಂದವಾದ ನೋವು. ಪುರುಷರಲ್ಲಿ ವೃಷಣದ ಹಿಂಬದಿಯ ಸುರುಳಿನಾಳವು ಗಟ್ಟಿಯಾಗಿ ಊದಿಕೊಳ್ಳುವುದು, ಶುಕ್ರನಾಳವು ಮಣಿಸರದಂತೆ ಕೈಗೆ ಸಿಕ್ಕುವುದು, ಚರ್ಮವು ಒಡೆದು ಬಹುಕಾಲ ಸೋರುವುದು ಇವು ಚಿಹ್ನೆಗಳು. ಸ್ತ್ರೀಯರಲ್ಲಿ ರೋಗವು ಮೊದಲು ಅಂಡನಾಳಗಳನ್ನು ಹಿಡಿದು ಅನಂತರ ಗರ್ಭಾಶಯದ ಒಳಪೊರೆಗೆ ಬರುವುದು ಸಾಮಾನ್ಯ. ಕೆಳಹೊಟ್ಟೆಯ ನೋವು, ಮುಟ್ಟಿನ ವ್ಯತ್ಯಾಸ ಅಥವಾ ಮುಟ್ಟು ನಿಲ್ಲುವುದು ಇವು ಇರಬಹುದು. ಮಕ್ಕಳಾಗದಿರುವುದೊಂದೇ ಏಕಮಾತ್ರ ಲಕ್ಷಣವಾಗಿರುವುದೂ ಉಂಟು.

ಐದು ಸಾಧನಗಳಲ್ಲಿ ಇಲ್ಲಿ ಅತ್ಯಂತ ಪ್ರಯೋಜನಕಾರಿಯಾದುದು ಉಪಶಯ. ಗೂಢಲಿಂಗವಾದ, ಎಂದರೆ ಚಿಹ್ನೆಗಳು ಅಡಗಿರುವ ರೋಗವನ್ನು ಉಪಶಯ ಅನುಪಶಯಗಳಿಂದ ತಿಳಿಯಬೇಕೆಂದು ಪೂರ್ವಿಕರು ವಿಧಿಸಿರುವರು. ಔಷಧವು ಹಿತವಾಯಿತೇ ಇಲ್ಲವೇ ಎಂಬುದರಿಂದ ರೋಗವನ್ನು ಊಹಿಸುವುದೇ ಇದರ ಅರ್ಥ. ಮೂತ್ರದಲ್ಲಿ ಕೀವಿನ ಕಣಗಳಿವೆ. ಸಾಮಾನ್ಯ ಜೀವಾಣುಗಳನ್ನು ಬೆಳೆಸಿ ನೋಡುವ ಪರೀಕ್ಷೆಯಲ್ಲಿ ಏನೂ ಬೆಳೆಯಲಿಲ್ಲ. ಮೂತ್ರದ ಸೋಂಕಿಗೆ ಕೊಡುವ ಮಾತ್ರೆಗಳಿಂದ ಗುಣವಾಗಲಿಲ್ಲ, ಇಲ್ಲವೆ ಗುಣವಾದಂತೆ ತೋರಿ ಮತ್ತೆ ಮರುಕಳಿಸಿತು. ಈ ಮೂರೂ ಕೂಡಿದಲ್ಲಿ ಕ್ಷಯವನ್ನು ಶಂಕಿಸದೆ ಇರಕೂಡದು. ಆದರೆ ಇಲ್ಲಿ ಒಂದು ಮೋಸವುಂಟು. ಮೂತ್ರದ ಸೋಂಕಿಗೆ ಧಾರಾಳವಾಗಿ ಕೊಡುವ ಸಿಪ್ರೊಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್ ಜಾತಿಯ ಔಷಧಗಳು ಕ್ಷಯದ ಜೀವಾಣುವಿನ ಮೇಲೆಯೂ ಸ್ವಲ್ಪ ಕೆಲಸ ಮಾಡುವುವು. ಅವುಗಳಿಂದ ಕೆಲವು ಕಾಲ ಸುಳ್ಳು ಉಪಶಯವು ತೋರಿ, ಪರೀಕ್ಷೆಯಲ್ಲಿ ಜೀವಾಣುವು ಕಾಣಿಸದೆ, ರೋಗವು ಒಳಗೇ ಬೆಳೆಯುವುದು. ಜೀವಾಣುವು ಆ ಔಷಧಕ್ಕೆ ಬಗ್ಗದಂತಾಗುವ ಭಯವೂ ಇದೆ.

ಶಂಕೆಯನ್ನು ನಿಶ್ಚಯವಾಗಿ ಮಾಡುವುದು ಪರೀಕ್ಷೆಯ ಕೆಲಸ. ಜೀವಾಣುಗಳು ಮೂತ್ರದಲ್ಲಿ ಎಡೆಬಿಡದೆ ಬರುವುದಿಲ್ಲ, ಬಂದಾಗಲೂ ವಿರಳ. ಆದುದರಿಂದ ಬೆಳಗಿನ ಮೊದಲ ಮೂತ್ರವನ್ನು ಮೂರರಿಂದ ಐದು ದಿನಗಳವರೆಗೆ ದಿನವೂ ಸಂಗ್ರಹಿಸಿ, ತಡಮಾಡದೆ ಪರೀಕ್ಷೆಗೆ ಕಳುಹಿಸಬೇಕು. ಬಣ್ಣವೇರಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವುದೊಂದನ್ನೇ ನಂಬಲಾಗದು. ಜನನೇಂದ್ರಿಯದ ಬಳಿ ಸಹಜವಾಗಿ ವಾಸಿಸುವ ನಿರುಪದ್ರವಿಯಾದ ಜೀವಾಣುವೊಂದು ನೋಟಕ್ಕೆ ಇದರಂತೆಯೇ ಇರುತ್ತದೆ. ಜೀವಾಣುವನ್ನು ಬೆಳೆಸಿ ನೋಡುವುದೇ ಪ್ರಮಾಣ. ಆದರೆ ಅದಕ್ಕೆ ಆರರಿಂದ ಎಂಟು ವಾರಗಳವರೆಗೂ ಕಾಯಬೇಕಾಗಬಹುದು. ಜೀವಾಣುವಿನ ವಂಶದ್ರವ್ಯವನ್ನು ಹುಡುಕುವ ಜೀನ್‌ಎಕ್ಸ್‌ಪರ್ಟ್ ಎಂಬ ಯಂತ್ರವು ಸುಮಾರು ಎರಡು ಗಂಟೆಗಳಲ್ಲಿ ಉತ್ತರವನ್ನು ಕೊಡುವುದಲ್ಲದೆ, ರಿಫಾಂಪಿಸಿನ್ ಎಂಬ ಮುಖ್ಯ ಔಷಧಕ್ಕೆ ಜೀವಾಣುವು ಬಗ್ಗುವುದೋ ಇಲ್ಲವೋ ಎಂಬುದನ್ನೂ ತಿಳಿಸುತ್ತದೆ. ಯಾವ ಪರೀಕ್ಷೆಯಲ್ಲಿಯೂ ಇಲ್ಲವೆಂಬ ಉತ್ತರವು ರೋಗವಿಲ್ಲವೆಂಬುದಕ್ಕೆ ಸಮನಲ್ಲ. ಆಗ ಸಿ.ಟಿ. ಚಿತ್ರದಲ್ಲಿ ಕಾಣುವ ಹುಳು ತಿಂದಂಥ ಬಟ್ಟಲುಗಳು, ಬಿಗಿದ ನಾಳಗಳು, ಸುಣ್ಣಗಟ್ಟಿದ ತಾಣಗಳು ಇವುಗಳಿಂದಲೂ, ಬೇಕಾದಲ್ಲಿ ಅಂಗದ ತುಣುಕನ್ನು ತೆಗೆದು ನೋಡುವುದರಿಂದಲೂ ನಿಶ್ಚಯಿಸತಕ್ಕದ್ದು. ಸ್ತ್ರೀಯರಲ್ಲಿ ಗರ್ಭಾಶಯದ ಒಳಪೊರೆಯು ತಿಂಗಳು ತಿಂಗಳು ಕಳಚಿಹೋಗುವುದರಿಂದ, ಮುಟ್ಟಿಗೆ ಸ್ವಲ್ಪ ಮುಂಚೆ ಅದರ ತುಣುಕನ್ನು ತೆಗೆಯುವುದು ಯುಕ್ತ. ಉದರದರ್ಶಕದಿಂದ ಅಂಡನಾಳಗಳನ್ನು ಪ್ರತ್ಯಕ್ಷವಾಗಿ ನೋಡುವುದೂ ಉಂಟು.

ಚಿಕಿತ್ಸೆಯ ಇತಿಹಾಸವು ಆಶಾದಾಯಕವಾದುದು. ೧೯೪೩ರಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆಯುವುದಕ್ಕೆ ಮೊದಲು ಕೆಟ್ಟ ಮೂತ್ರಪಿಂಡವನ್ನು ಕೊಯ್ದು ತೆಗೆಯುವುದೇ ಮುಖ್ಯೋಪಾಯವಾಗಿತ್ತು. ೧೯೫೨ರಲ್ಲಿ ಐಸೊನಿಯಾಜಿಡ್ಡೂ, ೧೯೬೦ರ ದಶಕದಲ್ಲಿ ಎಥಾಂಬ್ಯುಟಾಲ್ ಮತ್ತು ರಿಫಾಂಪಿಸಿನ್‌ಗಳೂ ಬಳಕೆಗೆ ಬಂದಮೇಲೆ ಸ್ಥಿತಿಯು ಬದಲಾಯಿತು. ೧೯೫೬ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಕೇಂದ್ರದ ಸಂಶೋಧನೆಯು, ಶ್ವಾಸಕೋಶದ ಕ್ಷಯಕ್ಕೆ ಮನೆಯಲ್ಲಿಯೇ ಇದ್ದು ಔಷಧವನ್ನು ಸೇವಿಸಿದವರೂ ಆರೋಗ್ಯಧಾಮದಲ್ಲಿದ್ದವರಂತೆಯೇ ಗುಣಹೊಂದುವರೆಂದು ತೋರಿಸಿಕೊಟ್ಟಿತು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ೧೯೫೯ರಲ್ಲಿ ಹುಟ್ಟಿ, ದೇಶದ ಕ್ಷಯನಿವಾರಣ ಕಾರ್ಯಕ್ರಮವನ್ನು ರೂಪಿಸುವುದರಲ್ಲಿ ಪ್ರಮುಖವಾಗಿ ದುಡಿಯಿತು. ಈಗಿನ ಕ್ರಮದಲ್ಲಿ ಮೊದಲ ಎರಡು ತಿಂಗಳು ಐಸೊನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಎಥಾಂಬ್ಯುಟಾಲ್ ಎಂಬ ನಾಲ್ಕನ್ನೂ, ಮುಂದಿನ ನಾಲ್ಕು ತಿಂಗಳು ಪೈರಜಿನಮೈಡನ್ನು ಬಿಟ್ಟು ಉಳಿದ ಮೂರನ್ನೂ ದಿನವೂ ದೇಹದ ತೂಕಕ್ಕೆ ತಕ್ಕಂತೆ ಕೊಡುವರು. ಮೂತ್ರಪಿಂಡದ ಶಕ್ತಿಯು ಕುಂದಿದ್ದರೆ ಪ್ರಮಾಣವನ್ನು ಬದಲಿಸಬೇಕು. ರಿಫಾಂಪಿಸಿನ್ನಿನಿಂದ ಮೂತ್ರವು ಕಿತ್ತಳೆಯ ಬಣ್ಣವಾಗುವುದು. ಇದು ದೋಷವಲ್ಲವೆಂದು ರೋಗಿಗೆ ಮುಂಚೆಯೇ ತಿಳಿಸದಿದ್ದರೆ, ರಕ್ತವೆಂದು ಹೆದರಿ ಅವನು ಔಷಧವನ್ನೇ ಬಿಡುವ ಸಂಭವವುಂಟು. ಕಣ್ಣು ಮಂಜಾದರೆ, ಕಾಮಾಲೆ ಕಂಡರೆ ಕೂಡಲೇ ವೈದ್ಯನಿಗೆ ತಿಳಿಸತಕ್ಕದ್ದು.

ಔಷಧದಿಂದ ಜೀವಾಣುವು ಸಾಯುವುದು. ಆದರೆ ಮೇಲೆ ಹೇಳಿದಂತೆ ಮಾಯುವಾಗಲೇ ನಾಳವು ಬಿಗಿಯುವುದು. ಆದಕಾರಣ ಚಿಕಿತ್ಸೆಯು ನಡೆಯುತ್ತಿರುವಾಗಲೇ ಆಗಾಗ ಅಲ್ಟ್ರಾಸೌಂಡಿನಿಂದ ಪಿಂಡಗಳನ್ನು ನೋಡುತ್ತಿರಬೇಕು. ನಾಳವು ಬಿಗಿದಿದ್ದರೆ ಅದರೊಳಗೆ ಕೊಳವೆಯನ್ನಿಟ್ಟು ದಾರಿಯನ್ನು ತೆರೆದಿಡುವರು. ಪೂರ್ಣವಾಗಿ ಕೆಟ್ಟು ಬಾಧಿಸುವ ಪಿಂಡವನ್ನು ಕೆಲವು ವಾರ ಔಷಧವನ್ನು ಕೊಟ್ಟ ಬಳಿಕ ತೆಗೆಯುವರು. ಕುಗ್ಗಿದ ಮೂತ್ರಾಶಯವನ್ನು ರೋಗಿಯ ಕರುಳಿನ ತುಂಡಿನಿಂದಲೇ ಹಿಗ್ಗಿಸುವ ಶಸ್ತ್ರಕ್ರಿಯೆಯೂ ಇದೆ. ಅಂಡನಾಳಗಳು ಮುಚ್ಚಿಹೋದಮೇಲೆ ಔಷಧದಿಂದ ಅವು ತೆರೆಯುವುದು ಕಷ್ಟ. ಗರ್ಭಾಶಯದ ಒಳಪೊರೆಯು ಉಳಿದಿದ್ದರೆ ಹೊರಗೆ ಗರ್ಭಾಂಕುರವನ್ನು ಉಂಟುಮಾಡಿ ಒಳಗಿಡುವ ಕ್ರಮದಿಂದ ಸಂತಾನವಾಗಬಹುದು. ಅಂಗವು ಉಳಿಯುವುದೂ ಹೋಗುವುದೂ ಕಾಲವನ್ನೇ ಅವಲಂಬಿಸಿವೆ.

ಕಾಲವು ವ್ಯರ್ಥವಾಗುವುದಾದರೋ ಹೆಚ್ಚಾಗಿ ಲಜ್ಜೆಯಿಂದ. ವೃಷಣದ ಬಾವನ್ನು ಗಂಡಸು ಹೆಂಡತಿಗೂ ಹೇಳನು. ಮುಟ್ಟು ನಿಂತುದನ್ನು ಸೊಸೆ ಅತ್ತೆಗೆ ಹೇಳಳು. ಮಕ್ಕಳಾಗದ ಹೆಣ್ಣಿಗೆ ಬಂಜೆಯೆಂಬ ಹೆಸರು ಬರುವುದು, ಹರಕೆ ಪೂಜೆಗಳಲ್ಲಿ ವರ್ಷಗಳು ಕಳೆಯುವುವು, ಗಂಡನಿಗೆ ಎರಡನೆಯ ಮದುವೆಯ ಮಾತೂ ಏಳುವುದು. ಅವಳ ಒಳಗಿದ್ದುದು ಬಾಲ್ಯದಲ್ಲಿ ಯಾರದೋ ಕೆಮ್ಮಿನಿಂದ ಬಂದ ಜೀವಾಣುವೆಂದು ಯಾರೂ ಎಣಿಸುವುದಿಲ್ಲ. ಭಾರತದಲ್ಲಿ ೨೦೧೨ರಿಂದ ಕ್ಷಯರೋಗವು ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗವಾಗಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧವು ಉಚಿತ. ೨೦೧೮ರಲ್ಲಿ ಆರಂಭವಾದ ಪೋಷಣ ಯೋಜನೆಯಂತೆ ತಿಂಗಳಿಗೆ ೫೦೦ ರೂಪಾಯಿಗಳಿದ್ದ ಸಹಾಯಧನವು ೨೦೨೪ರ ನವೆಂಬರಿನಿಂದ ೧೦೦೦ ರೂಪಾಯಿಗಳಾಗಿದೆ. ಆ ಯೋಜನೆಗೆ ನಿಕ್ಷಯವೆಂಬ ಹೆಸರು. ವೈಯಾಕರಣರು ನಿಃಕ್ಷಯವೆನ್ನಬೇಕೆಂದು ವಾದಿಸಬಹುದಾದರೂ ಅದರ ಆಶಯದಲ್ಲಿ ಯಾರಿಗೂ ವಿವಾದವಿರಲಾರದು.

ರಾಜಯಕ್ಷ್ಮದ ಕಥೆಯನ್ನೂ ಪ್ರತಿಲೋಮಕ್ಷಯದ ವ್ಯಾಖ್ಯಾನವನ್ನೂ ತರಗತಿಗಳಲ್ಲಿ ಪಾಠ ಹೇಳುವವರು ಅವನ್ನು ಬಿಡಬೇಕಾದುದಿಲ್ಲ. ಚಂದ್ರನ ಕಥೆಯು ಕಲೆಗಳ ವೃದ್ಧಿಕ್ಷಯಗಳಿಗೆ ಪೂರ್ವಿಕರು ಕೊಟ್ಟ ಅರ್ಥವೆಂದೂ, ರೋಗಿಯ ನಡತೆಗೆ ಅದು ಸಾಕ್ಷಿಯಲ್ಲವೆಂದೂ ಒಂದು ಮಾತನ್ನು ಸೇರಿಸಿ ಹೇಳಿದರೆ ಸಾಕು. ನಿದಾನಪಂಚಕದಲ್ಲಿ ಪೂರ್ವಿಕರು ಹೇಳಿದ ಕಾರಣವು ಇಲ್ಲಿ ಸಲ್ಲದಾದರೂ, ಅವರು ಕಲಿಸಿದ ಪರೀಕ್ಷಾಕ್ರಮವು ಸಲ್ಲುತ್ತದೆ: ಔಷಧಕ್ಕೆ ಬಗ್ಗದ ರೋಗವನ್ನು ಮತ್ತೆ ಅದೇ ಹೆಸರಿನಿಂದ ಕರೆಯದೆ, ಹೆಸರನ್ನೇ ಸಂಶಯಿಸಿ ಮೊದಲಿನಿಂದ ಪರೀಕ್ಷಿಸಬೇಕೆಂಬುದು.