ನೆಂಟರ ಪುಟ, ಊರಿನ ಪುಟ

ದಸ್ತೂರಿ ನಾಕಾದಲ್ಲಿ ಕಾರುಗಳೆಲ್ಲ ನಿಲ್ಲಲೇಬೇಕು. ಅಲ್ಲಿಂದಾಚೆ ಗಿರಿಧಾಮ ಮಾಥೇರಾನಿಗೆ ಹೋಗಲು ಕಾಲು, ಕುದುರೆ, ಕೈರಿಕ್ಷಾ, ಪುಟಾಣಿ ರೈಲು, ಈಚೆಗೆ ಇ-ರಿಕ್ಷಾ. ಮುಂಬಯಿ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಾಲೆಯ ಪಿಕ್ನಿಕ್ ನೆಪದಲ್ಲೋ, ಮದುವೆಯಾದ ಹೊಸದರಲ್ಲೋ ಒಮ್ಮೆಯಾದರೂ ನೇರಳ್‌ನಲ್ಲಿ ಲೋಕಲ್ ಇಳಿದು ಈ ಬೆಟ್ಟ ಹತ್ತಿದವರೇ ಎಲ್ಲರೂ. ಕೆಂಪು ಮಣ್ಣು ಮೆತ್ತಿದ ಚಪ್ಪಲಿ, ಕೈಯಲ್ಲಿ ಚಿಕ್ಕಿಯ ಪೊಟ್ಟಣ, ಸಂಜೆ ಪಾಯಿಂಟಿನ ಅಂಚಿನಲ್ಲಿ ಒಂದು ಫೋಟೊ. ಇಷ್ಟೇ ಮಾಥೇರಾನ್ ಎಂದುಕೊಂಡು ಇಳಿದುಬರುತ್ತೇವೆ. ಈ ಸಲ ನಾನು ಅಲ್ಲಿ ಓದಿದ್ದು ಒಂದು ಲೆಕ್ಕದ ಪುಸ್ತಕ. ಅದರ ಗುಂಗು ಇನ್ನೂ ಬಿಟ್ಟಿಲ್ಲ.

ಬೆಳಗಿನ ಹೊತ್ತು ನಾಕಾದಲ್ಲಿ ನಿಂತರೆ ಪ್ರವಾಸಿಗರಿಗಿಂತ ಮೊದಲು ಬೆಟ್ಟ ಹತ್ತುವುದು ಸಾಮಾನು. ಅಡುಗೆ ಗ್ಯಾಸಿನ ಸಿಲಿಂಡರುಗಳನ್ನು ಕುದುರೆಯ ಎರಡೂ ಪಕ್ಕಕ್ಕೆ ಸಮತೂಕವಾಗಿ ಹೇರಿ ಹಗ್ಗ ಬಿಗಿಯುತ್ತಾರೆ. ತರಕಾರಿ ಬುಟ್ಟಿ, ಅಕ್ಕಿ ಮೂಟೆ, ಸಿಮೆಂಟು, ಹೋಟೆಲಿನ ಹಾಸಿಗೆ, ನೀರಿನ ಬಾಟಲಿಗಳ ಕಟ್ಟು ಎಲ್ಲವೂ ಒಂದೋ ಕುದುರೆಯ ಬೆನ್ನಿನ ಮೇಲೆ, ಇಲ್ಲವೇ ಮನುಷ್ಯರು ತಳ್ಳುವ ಕೈಗಾಡಿಯ ಮೇಲೆ. ಪೇಟೆಯಲ್ಲಿ ಕುಡಿಯುವ ಒಂದು ಲೋಟ ಚಹಾದ ಹಿಂದೆ ಯಾರದೋ ಬೆನ್ನಿದೆ, ಯಾರದೋ ತೋಳಿದೆ. ಬೆಲೆ ಜಾಸ್ತಿಯಾಯಿತೆಂದು ಹೋಟೆಲಿನವರ ಜೊತೆ ಜಗಳಕ್ಕೆ ನಿಲ್ಲುವವರು ಒಂದು ಬೆಳಗ್ಗೆ ಈ ನಾಕಾದಲ್ಲಿ ಅರ್ಧ ಗಂಟೆ ನಿಂತು ನೋಡಬೇಕು.

ಅಲ್ಲಿ ಕೈರಿಕ್ಷಾ ಪಕ್ಕ ಕುಳಿತಿದ್ದ ಹಿರಿಯರೊಬ್ಬರು ಚಿಕ್ಕ ಪುಸ್ತಕದಲ್ಲಿ ಏನೋ ಬರೆಯುತ್ತಿದ್ದರು. ಅರುವತ್ತು ದಾಟಿರಬಹುದು. ಮೀನಖಂಡಗಳು ಹಗ್ಗದ ಹಾಗೆ ಹುರಿಗಟ್ಟಿದ್ದವು. “ಏನು ಲೆಕ್ಕ, ಕಾಕಾ?” ಎಂದು ಮರಾಠಿಯಲ್ಲಿ ಕೇಳಿದೆ. ಸಂಕೋಚವಿಲ್ಲದೆ ಪುಸ್ತಕವನ್ನೇ ನನ್ನ ಕಡೆ ತಿರುಗಿಸಿದರು. ಎಡಪುಟಕ್ಕೆ ‘ನೆಂಟರು’ ಎಂದು, ಬಲಪುಟಕ್ಕೆ ‘ಊರು’ ಎಂದು ಮರಾಠಿಯಲ್ಲಿ ತಲೆಬರಹ. ನೆಂಟರೆಂದರೆ ನಮ್ಮಂಥ ಪ್ರವಾಸಿಗರು. ಆ ಪುಟದಲ್ಲಿ ಹೋಟೆಲಿನ ಹೆಸರು, ಸಿಕ್ಕ ಹಣ, ಗಾಡಿ ತಳ್ಳಲು ಜೊತೆಗೆ ಬಂದವನ ಪಾಲು. ಊರಿನ ಪುಟದಲ್ಲಿ ಹಣಕ್ಕಿಂತ ಕಾರಣಗಳೇ ಜಾಸ್ತಿ: ಬ್ಯಾಂಕಿಗೆ ಹೋದ ಅಜ್ಜಿ, ಕಾಲು ಉಳುಕಿದ ಹುಡುಗ, ಗ್ಯಾಸ್, ಪರೀಕ್ಷೆ, ಆಸ್ಪತ್ರೆ, ಮತ್ತೆ ಆಸ್ಪತ್ರೆ. ಊರಿನವರಿಂದ ಬರಬೇಕಾದದ್ದನ್ನು ತಿಂಗಳ ಕೊನೆಗೆ ಕೇಳುತ್ತಾರಂತೆ. ಕೆಲವು ಸಾಲುಗಳ ಮುಂದೆ ಏನೂ ಬರೆದಿರಲಿಲ್ಲ. “ಅವರ ಹತ್ತಿರ ತಗೊಳ್ಳೋದಿಲ್ಲ ಭಾವು, ಅವರ ಮನೆಯ ಮಕ್ಕಳೂ ಗಾಡಿ ಎಳೆದವರೇ” ಎಂದರು.

ಪುಟಗಳನ್ನು ಒಂದೊಂದಾಗಿ ತಿರುವಿದೆ. ನೆಂಟರ ಪುಟ ಮೇ ತಿಂಗಳಲ್ಲಿ, ದೀಪಾವಳಿಯಲ್ಲಿ, ವರ್ಷದ ಕೊನೆಯ ವಾರದಲ್ಲಿ ಒತ್ತೊತ್ತಾಗಿ ತುಂಬಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಹುತೇಕ ಖಾಲಿ. ಊರಿನ ಪುಟ ಮಾತ್ರ ವರ್ಷವಿಡೀ ಒಂದೇ ಸಮನಾಗಿತ್ತು. ಗಿರಿಧಾಮದ ಬಗ್ಗೆ ನಾನು ಓದಿದ ಯಾವ ಕೈಪಿಡಿಯೂ ಇಷ್ಟು ನೇರವಾಗಿ ಆ ಊರನ್ನು ನನಗೆ ತಿಳಿಸಿರಲಿಲ್ಲ. ಪ್ರವಾಸೋದ್ಯಮ ಎಂದು ನಾವು ಕರೆಯುವುದೂ, ಶಾಲೆ, ಆಸ್ಪತ್ರೆ, ನೀರು ಎಂಬ ನಾಗರಿಕ ಸೇವೆಯೂ ಅಲ್ಲಿ ಒಂದೇ ಕೈಬರಹದಲ್ಲಿ, ಎದುರುಬದುರು ಪುಟಗಳಲ್ಲಿದ್ದವು. ಎರಡನ್ನೂ ಹೊರುವ ಭುಜ ಒಂದೇ.

ಚರಿತ್ರೆ ಬಹುತೇಕರಿಗೆ ಗೊತ್ತಿರುವುದೇ. 1850ರ ಮೇ ತಿಂಗಳಲ್ಲಿ ಠಾಣೆಯ ಕಲೆಕ್ಟರ್ ಹ್ಯೂ ಮ್ಯಾಲೆಟ್ ಈ ಬೆಟ್ಟ ಹತ್ತಿದ. ‘ಕಂಡುಹಿಡಿದ’ ಎಂದೇ ಫಲಕಗಳು ಹೇಳುತ್ತವೆ. ಧನಗರರು, ಠಾಕರರು, ಕಾತಕರಿಗಳು ಅದಕ್ಕೂ ಮುಂಚಿನಿಂದ ಈ ಸೀಮೆಯ ಕಾಡಿನಲ್ಲಿ ಬದುಕಿದವರು, ಹಾಗಾಗಿ ಆ ಮಾತನ್ನು ನಾನು ಒಪ್ಪುವುದಿಲ್ಲ. ಗವರ್ನರ್ ಎಲ್ಫಿನ್‌ಸ್ಟನ್ ಇದನ್ನು ಗಿರಿಧಾಮವಾಗಿ ಬೆಳೆಸಿದ. ಪಾರ್ಸಿಗಳೂ ಗುಜರಾತಿ ಶೇಟ್‌ಗಳೂ ಬಂಗಲೆ ಕಟ್ಟಿದರು. ನಗರ ಪರಿಷತ್ತು 1905ರಲ್ಲಿ ಬಂತು. ಅಬ್ದುಲ್ ಹುಸೇನ್ ಆದಮ್‌ಜಿ ಪೀರಭಾಯಿ ತಂದೆಯ 16 ಲಕ್ಷ ರೂಪಾಯಿ ಸುರಿದು ಎರಡಡಿ ಅಗಲದ ಹಳಿ ಹಾಸಿದರು, 1907ರಲ್ಲಿ ರೈಲು ಓಡಿತು. 2005ರ ಜುಲೈ ಪ್ರಳಯದಲ್ಲಿ ಕೊಚ್ಚಿಹೋದ ಆ ಹಳಿ ಎರಡು ವರ್ಷದ ಮೇಲೆ ಮತ್ತೆ ಜೋಡಿಸಿಕೊಂಡಿತು. 2019ರ ಮಳೆ ಮತ್ತೆ ಕಿತ್ತುಹಾಕಿತು, ನೇರಳ್‌ನಿಂದ ರೈಲು ಹತ್ತಲು 2022ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ಈ ಪ್ರಳಯಗಳಿಗೂ ಮುಂಚೆ, 2003ರಲ್ಲಿ ಕೇಂದ್ರ ಸರ್ಕಾರ ಮಾಥೇರಾನನ್ನೂ ಸುತ್ತಲಿನ ಇನ್ನೂರು ಚದರ ಕಿಲೋಮೀಟರಿಗೂ ಹೆಚ್ಚಿನ ಪ್ರದೇಶವನ್ನೂ ಪರಿಸರ ಸೂಕ್ಷ್ಮ ವಲಯವೆಂದು ಸಾರಿತು. ಆಂಬುಲೆನ್ಸಿನಂಥ ತುರ್ತು ವಾಹನ, ಈಚಿನ ಇ-ರಿಕ್ಷಾ ಬಿಟ್ಟರೆ ಮೋಟಾರು ಒಳಗೆ ಬರದಿರುವುದರಿಂದಲೇ ಅಲ್ಲಿನ ಕಾಡು ಇಂದಿಗೂ ಕಾಡಾಗಿ ಉಳಿದಿದೆ.

ಪ್ರಚಾರದ ಕೈಪಿಡಿಗಳು ಹೇಳುವ 38 ಪಾಯಿಂಟುಗಳ ಹೆಸರು ಓದುತ್ತ ಹೋಗಿ: ಲೂಯಿಸಾ, ಅಲೆಕ್ಸಾಂಡರ್, ಕಿಂಗ್ ಜಾರ್ಜ್, ಗಾರ್ಬಟ್, ಪಾರ್ಕ್ಯುಪೈನ್. ಈ ಊರಲ್ಲೇ ಹುಟ್ಟಿದ ಒಬ್ಬರ ಕಥೆಯನ್ನು ಮಾತ್ರ ಕುದುರೆಯವರೂ ಕೇಳದೆ ಹೇಳುವುದಿಲ್ಲ, ಪ್ರವಾಸಿಗರೂ ಕೇಳುವುದಿಲ್ಲ. ವಿಠ್ಠಲ ಲಕ್ಷ್ಮಣ ಕೋತವಾಲ್, ಎಲ್ಲರ ಬಾಯಲ್ಲಿ ಭಾಯಿ ಕೋತವಾಲ್. ಹುಟ್ಟಿದ್ದು 1912ರ ಡಿಸೆಂಬರ್ 1ರಂದು, ಕ್ಷೌರಿಕರ ಮನೆಯಲ್ಲಿ. ಆ ಕಾಲದಲ್ಲಿ ಆ ಮನೆಯ ಹುಡುಗನೊಬ್ಬ ಕಾನೂನು ಓದಿ ವಕೀಲನಾಗುವುದೆಂದರೆ ಏನು ಎಂಬುದನ್ನು ನಾವು ಊಹಿಸಬಲ್ಲೆವು. ಅವರು ಕರ್ಜತ್ ಸುತ್ತಲಿನ ಹಳ್ಳಿಗಳಲ್ಲಿ ಶಾಲೆ ತೆರೆದರು, ಹಸಿದ ರೈತರಿಗಾಗಿ ಧಾನ್ಯದ ಕಣಜ ಮಾಡಿದರು. 1941ರಲ್ಲಿ ಮಾಥೇರಾನ್ ನಗರಸಭೆಯ ಉಪಾಧ್ಯಕ್ಷರಾದರು.

ಮರುವರ್ಷ ‘ಭಾರತ ಬಿಟ್ಟು ತೊಲಗಿ’ ಚಳವಳಿ. ಕೋತವಾಲರು ಭೂಗತರಾಗಿ ತರುಣರ ದಳ ಕಟ್ಟಿದರು. ಆಜಾದ್ ದಸ್ತಾ ಎಂದು ಅದರ ಹೆಸರು. ಮುಂಬಯಿಗೆ ವಿದ್ಯುತ್ ಒಯ್ಯುವ ತಂತಿಗಳು ಈ ಸೀಮೆಯಲ್ಲೇ ಹಾದುಹೋಗುತ್ತಿದ್ದವು. ಯುದ್ಧದ ಸಾಮಾನು ತಯಾರಿಸುವ ಕಾರ್ಖಾನೆಗಳಿಗೂ ರೈಲಿಗೂ ಕರೆಂಟು ತಪ್ಪಿಸಲು ಅವರ ದಳ ಆ ಕಂಬಗಳನ್ನು ಒಂದೊಂದಾಗಿ ಉರುಳಿಸಿತು. ಸರ್ಕಾರ ತಲೆಗೆ ಬಹುಮಾನ ಕಟ್ಟಿತು. 1943ರ ಜನವರಿ 2ರಂದು ಸಿದ್ಧಗಡದ ಕಾಡಿನಲ್ಲಿ ಪೊಲೀಸರ ಗುಂಡಿಗೆ ಅವರು ಬಲಿಯಾದರು, ಜೊತೆಗೆ ಹಿರಾಜಿ ಪಾಟೀಲ್. ಕೋತವಾಲರಿಗೆ ಆಗ ಮೂವತ್ತು ವರ್ಷ. ಇದಾದ ಮೂರೇ ತಿಂಗಳಿಗೆ, ಏಪ್ರಿಲ್ 1ರಂದು, ಹೊಸರಿತ್ತಿಯಲ್ಲಿ ನಮ್ಮ ಮೈಲಾರ ಮಹದೇವಪ್ಪ ಗುಂಡೇಟಿಗೆ ಎದೆಯೊಡ್ಡಿದರು. ಹೆಚ್ಚುಕಡಿಮೆ ಒಂದೇ ವಯಸ್ಸು, ಒಂದೇ ಚಳವಳಿ, ಒಂದೇ ಬಗೆಯ ಸಾವು. ಇಬ್ಬರ ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳುವವರನ್ನು ನಾನು ಈವರೆಗೆ ಕಂಡಿಲ್ಲ, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಕೋತವಾಲರ ಮಾತನ್ನು ಕೈರಿಕ್ಷಾದ ಕಾಕಾ ತೆಗೆದದ್ದೂ ನಾನು ಕೇಳಿದ ಮೇಲೆಯೇ. ತೆಗೆದ ಮೇಲೆ ನಿಲ್ಲಿಸಲಿಲ್ಲ. ಅವರ ತಂದೆ ಕೋತವಾಲರನ್ನು ಕಣ್ಣಾರೆ ನೋಡಿದ್ದರಂತೆ. ರಾತ್ರಿ ಹಳ್ಳಿಗೆ ನಡೆದುಹೋಗಿ ಪಾಠ ಹೇಳಿ, ಬೆಳಗಾಗುವುದರೊಳಗೆ ಮತ್ತೆ ಬೆಟ್ಟ ಹತ್ತುತ್ತಿದ್ದರು ಎಂದು ತಂದೆ ಹೇಳುತ್ತಿದ್ದರಂತೆ. ಮನೆಮಾತಿನಲ್ಲಿ ಬಂದ ಕಥೆ, ದಾಖಲೆಗೆ ತಾಳೆ ನೋಡಲು ನಾನು ಹೋಗಲಿಲ್ಲ. ಪೇಟೆಗೆ ಬರುವ ನೆಂಟರನ್ನು ನಾಲ್ಕಾರು ಪಾಯಿಂಟು ಸುತ್ತಿಸಿ ಕಳಿಸುವ ಬದಲು, ಕೋತವಾಲರ ಸ್ಮಾರಕದ ಮುಂದೆ ಹತ್ತು ನಿಮಿಷ ನಿಲ್ಲಿಸಿ ಈ ಕಥೆ ಹೇಳುವ ತರುಣರನ್ನು ನಗರ ಪರಿಷತ್ತು ತಯಾರು ಮಾಡಬೇಕು. ಸಿದ್ಧಗಡದವರೆಗೂ ಚಾರಣ ಕರೆದೊಯ್ಯಬಹುದು. ಊರಿನ ಹುಡುಗ ಹುಡುಗಿಯರಿಗೆ ಅದು ಮಾನದ ಕೆಲಸ.

ಪ್ರಚಾರದ ಮಾತಿಗೆ ಬಂದರೆ, 2025ರ ಮಾರ್ಚಿನಲ್ಲಿ ಊರಿಗೆ ಊರೇ ಅಂಗಡಿ, ಹೋಟೆಲು ಮುಚ್ಚಿ ಬಂದ್ ಮಾಡಿತು. ಸಿಟ್ಟಿಗೆ ಕಾರಣ ಪ್ರವಾಸಿಗರಲ್ಲ, ನಾಕಾದಲ್ಲಿ ಅವರಿಗೆ ಆಗುತ್ತಿದ್ದ ಮೋಸ. ರೈಲು ಇಲ್ಲ, ನಡೆದರೆ ಬಹಳ ದೂರ, ಇ-ರಿಕ್ಷಾ ನಿಂತುಹೋಗಿದೆ ಎಂದು ಕೆಲವರು ಸುಳ್ಳು ಹೇಳಿ ದುಬಾರಿ ಸವಾರಿಗೆ ಹತ್ತಿಸುತ್ತಾರೆ ಎಂಬುದು ಊರವರ ದೂರು. ಅಧಿಕಾರಿಗಳು ಭರವಸೆ ಕೊಟ್ಟ ಮೇಲೆ ಬಂದ್ ಹಿಂದಕ್ಕೆ ತೆಗೆದುಕೊಂಡರು. ಗಿರಿಧಾಮವೊಂದು ತನ್ನ ನೆಂಟರ ಪರವಾಗಿ ತನ್ನ ಸಂಪಾದನೆಯನ್ನೇ ನಿಲ್ಲಿಸಿ ಕುಳಿತದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ಊರಿನ ಮೇಲೆ ನನ್ನ ಗೌರವ ಅಂದಿನಿಂದ ಹೆಚ್ಚಿತು. ಅಮನ್ ಲಾಡ್ಜ್ ನಿಲ್ದಾಣ ನಾಕಾದಿಂದ ಕೆಲವೇ ನಿಮಿಷದ ನಡಿಗೆ, ಅಲ್ಲಿಂದ ಪೇಟೆಗೆ ಶಟಲ್ ರೈಲು ಮಳೆಗಾಲದಲ್ಲೂ ಓಡುತ್ತದೆ. ರೈಲಿನ ವೇಳೆ, ದೂರ, ಪ್ರತಿಯೊಂದು ಸವಾರಿಯ ದರ, ಇವಿಷ್ಟನ್ನು ದೊಡ್ಡ ಅಕ್ಷರದಲ್ಲಿ ನಾಲ್ಕು ಭಾಷೆಯಲ್ಲಿ ಬರೆದು ನಿಲ್ಲಿಸಿದರೆ, ಬಣ್ಣದ ಜಾಹೀರಾತಿಗಿಂತ ಆ ಫಲಕವೇ ಹೆಚ್ಚು ಜನರನ್ನು ಮತ್ತೆ ಕರೆತರುತ್ತದೆ. ಒಳಗೆ ಬರುವ ಪ್ರತಿಯೊಬ್ಬ ಪ್ರವಾಸಿಯಿಂದ ತೆರಿಗೆ ವಸೂಲಾಗುತ್ತದಲ್ಲ, ಆ ಹಣದ ಮೊದಲ ಕೆಲಸ ಇದೇ ಆಗಬೇಕು.

ಇನ್ನು ಕೈರಿಕ್ಷಾ. ಒಬ್ಬ ಮುಂದೆ ಎಳೆದು, ಇನ್ನೊಬ್ಬಿಬ್ಬರು ಹಿಂದಿನಿಂದ ತಳ್ಳುವ ಈ ಗಾಡಿಯ ಫೋಟೊಗಳನ್ನು ಹಳೆಯ ಕಾಲದ ಸೊಗಸು ಎಂದು ಹಂಚಿಕೊಳ್ಳುವವರಿದ್ದಾರೆ. ಏರಿನಲ್ಲಿ ಕಾಕಾನ ಉಸಿರು ಕೇಳಿದವರು ಅದನ್ನು ಸೊಗಸು ಎನ್ನಲಾರರು. ಇದನ್ನು ನಿಲ್ಲಿಸಿ ಇ-ರಿಕ್ಷಾ ಕೊಡಿ ಎಂದು ವರ್ಷಗಟ್ಟಲೆ ಸರ್ಕಾರಿ ಕಚೇರಿ, ಕೋರ್ಟು ಅಲೆದವರಲ್ಲಿ ಊರಿನ ಶಾಲಾ ಮೇಷ್ಟ್ರೊಬ್ಬರಿದ್ದರು. ದಿನವೂ ಮಕ್ಕಳು ಕಿಲೋಮೀಟರುಗಟ್ಟಲೆ ನಡೆದು ಬರುವುದನ್ನು ತರಗತಿಯಲ್ಲಿ ನಿಂತು ನೋಡಿದವರು. ಸುಪ್ರೀಂ ಕೋರ್ಟಿನ ಅನುಮತಿಯ ಮೇಲೆ 2022ರ ಡಿಸೆಂಬರಿನಲ್ಲಿ ಏಳು ಇ-ರಿಕ್ಷಾಗಳು ಪ್ರಯೋಗಕ್ಕೆ ಇಳಿದವು. ಆಗಿನ ದರ ದೊಡ್ಡವರಿಗೆ 35 ರೂಪಾಯಿ, ಶಾಲಾಮಕ್ಕಳಿಗೆ ಐದು. ಆ ಐದು ರೂಪಾಯಿಯ ದರ ನನಗೆ ಬಹಳ ಪ್ರಿಯವಾಯಿತು. ನೆಂಟರು ಕೊಟ್ಟದ್ದರಲ್ಲಿ ಊರಿನ ಮಕ್ಕಳು ಸವಾರಿ ಮಾಡುವ ಏರ್ಪಾಡು ಅದು.

ಕುದುರೆಯವರು ಇ-ರಿಕ್ಷಾವನ್ನು ವಿರೋಧಿಸಿದರು. ಅವರ ಭಯ ಸುಳ್ಳಲ್ಲ, ನಾನೂರಕ್ಕೂ ಹೆಚ್ಚು ಕುದುರೆಗಳು ಈ ಊರಲ್ಲಿ ಸಂಸಾರಗಳನ್ನು ಸಾಕುತ್ತಿವೆ. ಆದರೆ ಪಾಯಿಂಟುಗಳ ಕಾಡುದಾರಿಗೆ ಇ-ರಿಕ್ಷಾ ಹೋಗಬಾರದು, ಹೋಗುವುದೂ ಬೇಡ. ಅಲ್ಲಿ ಕುದುರೆಗೇ ಕೆಲಸ ಉಳಿಯುತ್ತದೆ. ಇನ್ನು ದಾರಿಗೆ ಹಾಸುವ ಪೇವರ್ ಬ್ಲಾಕಿನ ವಿಚಾರದಲ್ಲಿ ನನ್ನ ಮನಸ್ಸು ಅದನ್ನು ವಿರೋಧಿಸುವ ಪರಿಸರದವರ ಕಡೆ. ಜಂಬಿಟ್ಟಿಗೆ ಮಣ್ಣಿನ ಈ ಬೆಟ್ಟ ಮಳೆನೀರನ್ನು ಕುಡಿಯಬೇಕು, ಕಲ್ಲುಹಾಸು ಎಲ್ಲೆಡೆ ಹಬ್ಬಿದರೆ ನೀರು ಜಾರಿ ಕಣಿವೆಗೆ ಹೋಗುತ್ತದೆ.

2025ರ ಆಗಸ್ಟ್ 6ರಂದು ಸುಪ್ರೀಂ ಕೋರ್ಟಿನ ಆಗಿನ ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ಅವರ ಪೀಠ ಪೇವರ್ ಬ್ಲಾಕು, ಕೈರಿಕ್ಷಾ ಎರಡಕ್ಕೂ ತೀರ್ಪು ಕೊಟ್ಟಿತು. ದಸ್ತೂರಿ ನಾಕಾದಿಂದ ಪೇಟೆಯ ಶಿವಾಜಿ ಪ್ರತಿಮೆಯವರೆಗೆ ಬ್ಲಾಕು ಇರಬಹುದು, ಒಳದಾರಿಗಳಲ್ಲಿ ಬೇಡ. ಮನುಷ್ಯ ಮನುಷ್ಯನನ್ನು ಎಳೆಯುವ ಈ ಪದ್ಧತಿ ಸಂವಿಧಾನ ಬಂದು 75 ವರ್ಷವಾದರೂ ಉಳಿದಿರುವುದು ಅಮಾನವೀಯ, ಆರು ತಿಂಗಳೊಳಗೆ ನಿಲ್ಲಬೇಕು. ಗುಜರಾತಿನ ಕೇವಡಿಯಾದ ಮಾದರಿಯಲ್ಲಿ ಸರ್ಕಾರವೇ ಇ-ರಿಕ್ಷಾ ಖರೀದಿಸಿ, ನಿಜವಾಗಿ ಗಾಡಿ ಎಳೆದವರಿಗೆ ಬಾಡಿಗೆಗೆ ಕೊಡಬೇಕು. ಉಳಿದದ್ದು ಆದಿವಾಸಿ ಮಹಿಳೆಯರಿಗೂ ಊರಿನ ಇತರರಿಗೂ ಸಿಗಬಹುದು. ಹಣವಿಲ್ಲವೆಂಬ ನೆಪ ಕೂಡದು. ಕೈರಿಕ್ಷಾ ಪರವಾನಗಿ ಇರುವವರು ನೂರರ ಒಳಗೆ. ರಾಜ್ಯವೊಂದಕ್ಕೆ ಇದು ಭಾರವಾಗುವ ಸಂಖ್ಯೆಯಲ್ಲ.

ತೀರ್ಪಿನ ಸುದ್ದಿಯ ತುಣುಕನ್ನು ಕಾಕಾ ಮಡಚಿ ಜೇಬಿನಲ್ಲಿ ಇಟ್ಟುಕೊಂಡಿದ್ದರು. ನಾನು ಸಂತೋಷದಿಂದ ಮಾತಾಡುತ್ತಿದ್ದರೆ ಅವರು ಕೇಳಿದ್ದು ಒಂದೇ ಪ್ರಶ್ನೆ: “ದಿನಬಾಡಿಗೆ ಎಷ್ಟಂತೆ, ಭಾವು?” ಬಾಡಿಗೆಯನ್ನು ಮೇ ತಿಂಗಳ ಸಂಪಾದನೆ ನೋಡಿ ನಿಗದಿ ಮಾಡಿದರೆ ಜುಲೈನಲ್ಲಿ ಅವರು ಸಾಲಗಾರರಾಗುತ್ತಾರೆ. ಮಳೆಗಾಲದ ನಾಲ್ಕು ತಿಂಗಳು ನೇರಳ್‌ನಿಂದ ರೈಲು ಹತ್ತುವುದಿಲ್ಲ, ಹೋಟೆಲುಗಳು ಅರ್ಧ ಖಾಲಿ. ಆದರೆ ಶಾಲೆ ತೆರೆಯುವುದು ಜೂನ್‌ನಲ್ಲೇ. ಪುಸ್ತಕದ ಚೀಲ ನೆನೆಯದಂತೆ ಮಕ್ಕಳು ತರಗತಿ ತಲುಪಲು, ಜ್ವರದವರು ಆಸ್ಪತ್ರೆ ಮುಟ್ಟಲು ರಿಕ್ಷಾ ಹೆಚ್ಚು ಬೇಕಾಗುವುದು ಆ ನಾಲ್ಕು ತಿಂಗಳುಗಳಲ್ಲೇ. ಆದ್ದರಿಂದ ಮಳೆಗಾಲದ ಬಾಡಿಗೆಯನ್ನು ಸರ್ಕಾರ ಪೂರ್ತಿ ಮನ್ನಾ ಮಾಡಬೇಕು. ಮಕ್ಕಳ ಐದು ರೂಪಾಯಿ ದರದಿಂದ ಬೀಳುವ ಕೊರತೆಯನ್ನು ನಾಕಾದಲ್ಲಿ ವಸೂಲಾಗುವ ಪ್ರವಾಸಿ ತೆರಿಗೆಯಿಂದ ತುಂಬಿಕೊಡಬೇಕು. ಇವೆರಡೂ ಇ-ರಿಕ್ಷಾ ಯೋಜನೆಯ ಕಾಗದದಲ್ಲೇ ಬರಬೇಕು, ಬಾಯಿಮಾತಿನ ಭರವಸೆಯಾಗಿ ಅಲ್ಲ.