ದವಾಖಾನೆಯಲ್ಲಿ ರೋಗಿಯ ಮಾತು

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಯಾವದೇ ಸಾಮಾನ್ಯ ದವಾಖಾನೆಯ ಕಟ್ಟೆಯ ಮೇಲೆ ಒಂದು ಮುಂಜಾನೆ ಕುಳಿತು ನೋಡಿದವರಿಗೆ ನಾವು ಹೇಳುವ ಮಾತು ಹೊಸದೆನಿಸಲಾರದು. ರೋಗಿಯು ತಾಸುಗಟ್ಟಲೆ ಕಾದು ಒಳಗೆ ಹೋಗುತ್ತಾನೆ. ಬೇನೆಯ ಹೆಸರು ಹೇಳುವಷ್ಟರಲ್ಲಿ ಚೀಟಿ ಬರೆದಾಗಿರುತ್ತದೆ. 67 ದೇಶಗಳ ಮಾಹಿತಿಯನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಒಂದು ಪರಾಮರ್ಶೆಯ ಮೇರೆಗೆ, ಸ್ವೀಡನ್ ದೇಶದಲ್ಲಿ ವೈದ್ಯರು ಒಬ್ಬ ರೋಗಿಗೆ ಸರಾಸರಿ 22.5 ನಿಮಿಷ ಕೊಡುತ್ತಿದ್ದರೆ ಹಿಂದುಸ್ಥಾನದಲ್ಲಿ ಸುಮಾರು 2 ನಿಮಿಷ ಮಾತ್ರ. ಇದಕ್ಕಾಗಿ ಡಾಕ್ಟರರೊಬ್ಬರನ್ನೇ ದೂರುವದು ನ್ಯಾಯವಲ್ಲ. ಸೂಜಿ ಚುಚ್ಚದ ಡಾಕ್ಟರರು ಡಾಕ್ಟರರೇ ಅಲ್ಲವೆಂಬ ಭಾವನೆ ಜನರಲ್ಲಿಯೂ ಬೇರೂರಿದೆ.

ನೆಗಡಿ, ಕೆಮ್ಮುಗಳಿಗೆ ಎರಡು ನಿಮಿಷ ಸಾಕಾದೀತು. ಸಕ್ಕರೆ ಬೇನೆ, ರಕ್ತದೊತ್ತಡಗಳಿಗೆ ಸಾಲದು. ವರ್ಷದ 365 ದಿವಸಗಳಲ್ಲಿ ಇಂಥ ರೋಗಿಯು ಡಾಕ್ಟರರ ಮುಂದಿರುವದು ಕೆಲವೇ ನಿಮಿಷ. ಉಳಿದ ಕಾಲವೆಲ್ಲ ತನಗೆ ತಾನೇ ವೈದ್ಯನು. ಜೋಳದ ರೊಟ್ಟಿ ಉಣ್ಣುವವನ ಕೈಗೆ ಇಡ್ಲಿ-ದೋಸೆಗಳ ಪಥ್ಯದ ಪಟ್ಟಿಯನ್ನು ಕೊಟ್ಟರೆ ಫಲವೇನು? ನಸುಕಿನಲ್ಲೆದ್ದು ಕಬ್ಬು ಕಡಿಯಲು ಹೋಗುವವನು 'ನಾಷ್ಟಾ ಆದ ಮೇಲೆ' ನುಂಗಬೇಕಾದ ಗುಳಿಗೆಯನ್ನು ಯಾವಾಗ ನುಂಗಬೇಕು? (ಕರದಂಟಿನ ಊರಿನಲ್ಲಿ ಸಿಹಿ ಬಿಡೆಂಬ ಉಪದೇಶವು ಎಷ್ಟು ದಿನ ನಿಂತೀತೆಂಬದನ್ನು ಗೋಕಾಕದ ವಾಚಕರೇ ಹೇಳಲಿ.) ಗುಳಿಗೆ ತಪ್ಪಿಸಿದ್ದನ್ನು ರೋಗಿಯು ಬೈಗಳಿಗಂಜಿ ಮುಚ್ಚಿಡುತ್ತಾನೆ, ಗುಳಿಗೆ ಸಾಲದಾಯಿತೆಂದು ಬಗೆದು ಡಾಕ್ಟರರು ಅದನ್ನು ಹೆಚ್ಚಿಸುತ್ತಾರೆ. ಕಡೆಗೆ ಕಾಲಿನ ಹುಣ್ಣು ಕೊಳೆತ ಮೇಲೆ ಬೆಳಗಾವಿ ಇಲ್ಲವೆ ಮಿರಜೆಯ ದಾರಿ; ಅದರ ಬೆನ್ನಿಗೆ ಹೊಲದ ಮೇಲೆ ಸಾಲ.

ಇಂಗ್ಲಂಡಿನಲ್ಲಿ 2007ರ ಸುಮಾರಿಗೆ ಕೆಲವು ಕಡೆಗಳಲ್ಲಿ, ಮೊದಲು ಸಕ್ಕರೆ ಬೇನೆಯವರಿಗಾಗಿ ಮಾತ್ರ, ಒಂದು ಹೊಸ ಪದ್ಧತಿಯನ್ನು ಪ್ರಯೋಗಿಸಿದರು. ಮೊದಲನೆಯ ಭೇಟಿಯಲ್ಲಿ ಸಹಾಯಕರು ರಕ್ತ, ತೂಕ, ಪಾದಗಳನ್ನು ಪರೀಕ್ಷಿಸುವರು. ಅದರ ಫಲಿತಾಂಶವು ಮುಂದಿನ ಭೇಟಿಗಿಂತ ಮುಂಚೆಯೇ ರೋಗಿಯ ಕೈಸೇರುವದು. ಆತನು ಅದನ್ನು ಮನೆಯವರೊಡನೆ ಓದಿ, ಕೇಳತಕ್ಕ ಪ್ರಶ್ನೆಗಳನ್ನು ಗುರುತುಮಾಡಿಕೊಂಡು ಬರುವನು. ಎರಡನೆಯ ಭೇಟಿಯಲ್ಲಿ ಉಭಯತರೂ ಕೂಡಿ ಮುಂದಿನ ಕ್ರಮವನ್ನು ನಿಶ್ಚಯಿಸುವರು. ಬೇರೆ ಬೇನೆಗಳಿಗೆ ಇದನ್ನು ವಿಸ್ತರಿಸಿದ್ದು ಆಮೇಲೆ.

ನಮ್ಮಲ್ಲಿ ಸಾಧನಗಳಿಲ್ಲವೆಂದಲ್ಲ. 2018ರಿಂದ ಉಪಕೇಂದ್ರಗಳು ಕ್ಷೇಮ ಕೇಂದ್ರಗಳಾದವು. 2023ರಲ್ಲಿ ಅವಕ್ಕೆ ಆಯುಷ್ಮಾನ್ ಆರೋಗ್ಯ ಮಂದಿರವೆಂದು ಹೆಸರಾಯಿತು. ಹೆಸರು ಬದಲಾದಷ್ಟು ಬೇಗನೆ ರೀತಿ ಬದಲಾಗದು. ಎಷ್ಟು ಜನರ ರಕ್ತ ಪರೀಕ್ಷಿಸಲಾಯಿತೆಂಬ ಲೆಕ್ಕವು ಮೇಲಿನ ಕಚೇರಿಗೆ ಹೋಗುತ್ತದೆ. ಅವರಲ್ಲಿ ಎಷ್ಟು ಜನರಿಗೆ ತಮ್ಮ ಬೇನೆ ತಿಳಿಯಿತೆಂಬದನ್ನು ಕೇಳುವವರಾರು? ಸೇವಾದಳದ ಡಾ. ಹರ್ಡೀಕರರು ದುಡಿದ ಆರೋಗ್ಯಧಾಮವಿರುವ ಘಟಪ್ರಭೆಯು ಗೋಕಾಕ ತಾಲೂಕಿನಲ್ಲಿಯೇ ಇರುವಾಗ ಈ ಪ್ರಶ್ನೆಯನ್ನು ಇಲ್ಲಿಯವರೇ ಮೊದಲು ಎತ್ತುವದು ಉಚಿತ.

ಎಲ್ಲವೂ ಒಮ್ಮೆಲೇ ಆಗಲೆಂದು ನಾವು ಹೇಳುವದಿಲ್ಲ. ನೂರು ರೋಗಿಗಳು ಕಾದಿರುವ ಬಾಗಿಲಲ್ಲಿ ತಲೆಗೆ ಅರ್ಧ ತಾಸು ಕೊಡಿರೆಂಬದು ಹುಚ್ಚುಮಾತು. ವಾರಕ್ಕೊಂದು ಮಧ್ಯಾಹ್ನ, ಸಮಯ ಗೊತ್ತುಮಾಡಿ, ಸಕ್ಕರೆ ಬೇನೆಯ ಹತ್ತೇ ಜನರನ್ನು ಕರೆಯಲಿ. ಪರೀಕ್ಷೆಯ ಅಂಕಿಗಳನ್ನು ಕನ್ನಡದಲ್ಲಿ, ಬೇಕಾದವರಿಗೆ ಮರಾಠಿಯಲ್ಲಿ, ಬರೆದ ವಹಿಯೊಂದು ರೋಗಿಯ ಹತ್ತಿರವೇ ಇರಲಿ. ಆರು ತಿಂಗಳು ಕಳೆದ ಮೇಲೆ ಇನ್ನೊಂದು ದಿವಸವನ್ನು ಕೂಡಿಸಬಹುದು.

ಖಾಸಗಿ ಡಾಕ್ಟರರ ಆಕ್ಷೇಪಣೆ ನಮಗೆ ಗೊತ್ತು: ಆ ಮಧ್ಯಾಹ್ನದ ಸಂಪಾದನೆಯನ್ನು ತುಂಬಿಕೊಡುವವರಾರು? ಆಯುಷ್ಮಾನ್ ಯೋಜನೆಯು ದವಾಖಾನೆಯಲ್ಲಿ ಮಲಗಿದ ರೋಗಿಗೆ ಹಣ ಕೊಡುತ್ತದೆ. ಮಲಗದಂತೆ ನೋಡಿಕೊಂಡ ಡಾಕ್ಟರರಿಗೆ ಕೊಡುವದಿಲ್ಲ. ಇದಕ್ಕೆ ಉತ್ತರ ಸರಕಾರದಿಂದಲೇ ಬರಬೇಕು. ಅಲ್ಲಿಯವರೆಗೆ ಜಿಲ್ಲಾ ಆರೋಗ್ಯಾಧಿಕಾರಿಗಳು ಮೂರು ತಾಲೂಕುಗಳಲ್ಲಿ ಒಂದೊಂದು ಪ್ರಾಥಮಿಕ ಆರೋಗ್ಯ ಕೇಂದ್ರವನ್ನಾದರೂ ಆರಿಸಿ ಈ ವಾರದ ಮಧ್ಯಾಹ್ನವನ್ನು ಪ್ರಾರಂಭಿಸಲಿ. ಬೇಕಾದದ್ದು ಒಂದು ಬಾಕು ಮತ್ತು ಕೆಲವು ವಹಿಗಳು.