ಚಿನ್ನಸ್ವಾಮಿಗೆ ಹೊರಟವರು ಮೊದಲು ವಾಪಸ್ ಬಸ್ ನೋಡಿ

ಐಪಿಎಲ್ ಪಂದ್ಯ ಶುರುವಾಗುವುದು ಸಂಜೆ ಏಳೂವರೆಗೆ. ಮುಗಿಯುವಾಗ ಹನ್ನೊಂದು, ಕೆಲವೊಮ್ಮೆ ಹನ್ನೊಂದೂವರೆ. ಮಲ್ಲೇಶ್ವರದವರಿಗೆ ಮನೆ ಅಲ್ಲೇ ಇದೆ. ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡಿನಿಂದ ಬಂದವರಿಗೆ ಅಸಲಿ ಪರೀಕ್ಷೆ ಅಲ್ಲಿಂದ ಮುಂದೆ. ನಮ್ಮ ಕಡೆಯ ಹುಡುಗರು ಟಿಕೆಟ್ ಸಿಕ್ಕ ಖುಷಿಯಲ್ಲಿ ಹೊರಟುಬಿಡುತ್ತಾರೆ; ಊರಿಗೆ ಮರಳುವುದು ಹೇಗೆ ಎಂಬುದು ಹದಿನೆಂಟನೇ ಓವರಿನಲ್ಲಿ ನೆನಪಾಗುತ್ತದೆ. ಆದ್ದರಿಂದ ಈ ಪ್ರಯಾಣವನ್ನು ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಬೇಕು.

ರೈಲನ್ನು ಮರೆತುಬಿಡಿ. ನಮ್ಮ ದಾರಿಯಲ್ಲಿ ಕರಾವಳಿಗೆ ಹೋಗುವ ರಾತ್ರಿ ರೈಲುಗಳು ಪಂದ್ಯ ಮುಗಿಯುವ ಮೊದಲೇ ಬೆಂಗಳೂರು ಬಿಟ್ಟಿರುತ್ತವೆ. ಉಳಿಯುವುದು ಮೆಜೆಸ್ಟಿಕ್‌ನಿಂದ ಹಾಸನ, ಧರ್ಮಸ್ಥಳ, ಮಂಗಳೂರು ಕಡೆಗೆ ಹೋಗುವ ಬಸ್ಸುಗಳು. ಮುಂಗಡ ಬುಕ್ ಮಾಡುವುದಾದರೆ ಹನ್ನೆರಡೂವರೆಯ ನಂತರ ಹೊರಡುವ ಬಸ್ಸನ್ನೇ ಆರಿಸಿ. ಜನಜಂಗುಳಿಯಲ್ಲಿ ಗೇಟು ದಾಟಿ ರಸ್ತೆಗೆ ಬರಲು ಅರ್ಧ ಗಂಟೆ ಬೇಕು, ಮೆಟ್ರೋ ಸಾಲಿಗೆ ಇನ್ನೂ ಅರ್ಧ ಗಂಟೆ ಇಟ್ಟುಕೊಳ್ಳಿ. ಚನ್ನರಾಯಪಟ್ಟಣದವರು ಇನ್ನೊಂದು ಮಾತು ಕೇಳಿಕೊಂಡೇ ಹತ್ತಬೇಕು: ಬಸ್ಸು ಊರೊಳಗೆ ಬರುತ್ತದೋ, ಬೈಪಾಸಿನಲ್ಲೇ ಹೋಗುತ್ತದೋ? ಬೆಳಗಿನ ಜಾವ ಮೂರೂವರೆಗೆ ಹೆದ್ದಾರಿ ಬದಿಯಲ್ಲಿ ಇಳಿದು ನಿಲ್ಲುವುದು ಯಾರಿಗೂ ಬೇಡ.

ಅರಕಲಗೂಡಿಗೆ ರೈಲು ಹಳಿಯೇ ಇಲ್ಲ. ಹೊಳೆನರಸೀಪುರ ಇರುವುದು ಮೈಸೂರು–ಹಾಸನ ಮಾರ್ಗದಲ್ಲಿ. ಈ ಎರಡೂ ಊರಿನವರು ಹಾಸನ ನಿಲ್ದಾಣದಲ್ಲಿ ಇಳಿದು ಮೊದಲ ಬಸ್ಸಿಗೆ ಕಾಯಬೇಕು, ಇಲ್ಲವೇ ಹೊರಡುವಾಗಲೇ ಹಾಸನದಲ್ಲಿ ಬೈಕು ಬಿಟ್ಟಿರಬೇಕು. ನನ್ನ ಸಲಹೆ ಕೇಳಿದರೆ ಆ ರಾತ್ರಿ ಬೆಂಗಳೂರಿನಲ್ಲೇ ಮಲಗಿ. ಪೀಣ್ಯ, ಲಗ್ಗೆರೆ ಕಡೆ ನಮ್ಮೂರಿನವರ ಮನೆಗಳಿಗೆ ಬರವಿಲ್ಲ. ಮೊದಲೇ ಫೋನ್ ಮಾಡಿ ತಿಳಿಸಿದರೆ ಸಾಕು. ಸ್ವಂತ ಕಾರಿನಲ್ಲಿ ಅದೇ ರಾತ್ರಿ ಹೊರಡುವುದನ್ನಂತೂ ಬಿಡಿ. ನಾಲ್ಕು ಗಂಟೆ ಕೂಗಾಡಿ ದಣಿದ ಮೈಗೆ ಕುಣಿಗಲ್ ದಾಟಿ ಎಡೆಯೂರು ಬರುವಷ್ಟರಲ್ಲಿ ಕಣ್ಣು ಎಳೆಯುತ್ತದೆ. ಪಕ್ಕದಲ್ಲಿ ಕೂತವರೂ ಅಷ್ಟು ಹೊತ್ತಿಗೆ ಮಲಗಿರುತ್ತಾರೆ.

ಇನ್ನು ಹೋಗುವ ದಾರಿ. 2017ರ ಮಾರ್ಚ್‌ನಲ್ಲಿ ಹಾಸನ–ಬೆಂಗಳೂರು ನೇರ ರೈಲು ಮಾರ್ಗ ತೆರೆದ ಮೇಲೆ ಚನ್ನರಾಯಪಟ್ಟಣ, ಶ್ರವಣಬೆಳಗೊಳ, ಕುಣಿಗಲ್, ನೆಲಮಂಗಲದ ಮೇಲೆ ಯಶವಂತಪುರ ತಲುಪಬಹುದು. ಯಶವಂತಪುರದಲ್ಲಿ ಮೆಟ್ರೋ ಇದೆ. ಆದರೆ ಹೆಚ್ಚಿನವರು ಬರುವುದು ಬಸ್ಸಿನಲ್ಲೇ. ಮಹಿಳೆಯರು ಗುರುತಿನ ಚೀಟಿ ಇಟ್ಟುಕೊಂಡಿದ್ದರೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಶಕ್ತಿ ಯೋಜನೆಯಡಿ ಟಿಕೆಟ್ ದುಡ್ಡಿಲ್ಲ. ರಾಜಹಂಸ, ಐರಾವತಕ್ಕೆ ಅದು ಅನ್ವಯಿಸುವುದಿಲ್ಲ.

ಬಸ್ಸಿನಲ್ಲಿ ಬಂದವರು ಮೆಜೆಸ್ಟಿಕ್‌ವರೆಗೆ ಕೂರಬೇಡಿ. ತುಮಕೂರು ರಸ್ತೆಯ ಮೇಲ್ಸೇತುವೆ ಇಳಿದ ಕೂಡಲೇ ಗೊರಗುಂಟೆಪಾಳ್ಯ ಬರುತ್ತದೆ, ಅಲ್ಲೇ ಇಳಿದುಬಿಡಿ. ಸಂಜೆ ಹೊತ್ತು ಅಲ್ಲಿಂದ ಮೆಜೆಸ್ಟಿಕ್‌ಗೆ ಬಸ್ಸು ತೆವಳುತ್ತದೆ, ಮೆಟ್ರೋಗೆ ಆ ತೊಂದರೆ ಇಲ್ಲ. ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಬಂದು, ವೈಟ್‌ಫೀಲ್ಡ್ ಕಡೆಯ ನೇರಳೆ ಮಾರ್ಗಕ್ಕೆ ಬದಲಾಯಿಸಿದರೆ ಮೂರನೇ ನಿಲ್ದಾಣವೇ ಕಬ್ಬನ್ ಪಾರ್ಕ್. ಮೇಲೆ ಬಂದರೆ ಎದುರಿಗೇ ಕ್ರೀಡಾಂಗಣ. ಮರಳುವ ಮೆಟ್ರೋ ಟಿಕೆಟನ್ನೂ ಆಗಲೇ ತೆಗೆದುಕೊಂಡುಬಿಡಿ. ಪಂದ್ಯದ ರಾತ್ರಿಗಳಲ್ಲಿ ಕೊನೆಯ ರೈಲಿನ ಸಮಯವನ್ನು ಸಾಮಾನ್ಯವಾಗಿ ಮುಂದಕ್ಕೆ ಹಾಕುತ್ತಾರೆ, ಎಷ್ಟು ಗಂಟೆಯವರೆಗೆ ಎಂಬುದು ಆ ದಿನದ ಪ್ರಕಟಣೆಯಲ್ಲಿರುತ್ತದೆ. ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ತಳ್ಳಾಟ ಕಂಡರೆ ಎಂ.ಜಿ. ರಸ್ತೆ ನಿಲ್ದಾಣದವರೆಗೆ ನಡೆದುಬಿಡಿ.

ಟಿಕೆಟ್ಟಿನ ಮಾತು. ಆರ್‌ಸಿಬಿ ಪಂದ್ಯದ ಟಿಕೆಟ್ ತಂಡದ ಅಧಿಕೃತ ಜಾಲತಾಣ ಅಥವಾ ಆ್ಯಪ್‌ನಲ್ಲಿ ಮಾತ್ರ ಕೊಳ್ಳಿ. ಒಂದಕ್ಕೆ ಸಾವಿರಗಟ್ಟಲೆ ರೂಪಾಯಿ, ಅದೂ ನಿಮಿಷಗಳಲ್ಲಿ ಖಾಲಿ. ಗೇಟಿನ ಹೊರಗೆ ಪಿಸುದನಿಯಲ್ಲಿ ಮಾರುವವರ ಬಳಿ ಹೋಗಬೇಡಿ. ಒಂದೇ ಟಿಕೆಟ್ಟಿನ ಚಿತ್ರವನ್ನು ನಾಲ್ವರಿಗೆ ಮಾರಿದ್ದರೆ ಮೊದಲು ಸ್ಕ್ಯಾನ್ ಆದವನಿಗಷ್ಟೇ ಪ್ರವೇಶ. ಟಿಕೆಟ್ ಇಲ್ಲದೆ 'ಹೊರಗಾದರೂ ನಿಂತು ನೋಡೋಣ' ಎಂದು ಹೋಗುವುದಂತೂ ಬೇಡವೇ ಬೇಡ. 2025ರ ಜೂನ್ 4ರಂದು, ಆರ್‌ಸಿಬಿ ಮೊದಲ ಬಾರಿ ಕಪ್ ಗೆದ್ದ ಮರುದಿನ, ಇದೇ ಗೇಟುಗಳ ಮುಂದೆ ಕಾಲ್ತುಳಿತಕ್ಕೆ 11 ಜನ ಬಲಿಯಾದರು. ಸಂಭ್ರಮಿಸಲು ಬಂದ ಎಳೆಯರು ಅವರು. ಅದರ ನಂತರ ಮಹಿಳಾ ವಿಶ್ವಕಪ್‌ನ ಪಂದ್ಯಗಳು ನವಿ ಮುಂಬೈಗೆ ಹೋದವು, ಮಹಾರಾಜ ಟ್ರೋಫಿ ಮೈಸೂರಿಗೆ ಹೋಯಿತು. ಆದ್ದರಿಂದ ಬಸ್ ಬುಕ್ ಮಾಡುವ ಮೊದಲು ಪಂದ್ಯ ನಡೆಯುವ ಜಾಗವನ್ನು ಮತ್ತೊಮ್ಮೆ ಖಚಿತಪಡಿಸಿಕೊಳ್ಳಿ.

ಟಿಕೆಟ್ಟಿನಲ್ಲಿ ಸ್ಟ್ಯಾಂಡ್ ಜೊತೆಗೆ ಗೇಟ್ ಸಂಖ್ಯೆಯೂ ಇರುತ್ತದೆ. ಕ್ರೀಡಾಂಗಣದ ಸುತ್ತ ಬೇರೆ ಬೇರೆ ರಸ್ತೆಗಳಲ್ಲಿ ಗೇಟುಗಳಿವೆ. ತಪ್ಪು ಗೇಟಿನಲ್ಲಿ ಒಂದು ಗಂಟೆ ಸಾಲು ನಿಂತವರನ್ನು ನೋಡಿದ್ದೇನೆ. ಐದೂವರೆಗೆ ಅಲ್ಲಿರಿ. ಬ್ಯಾಗ್, ನೀರಿನ ಬಾಟಲಿ, ಪವರ್ ಬ್ಯಾಂಕ್, ಹೆಲ್ಮೆಟ್, ಛತ್ರಿ, ಮನೆಯ ತಿಂಡಿ ಯಾವುದನ್ನೂ ಒಳಗೆ ಬಿಡುವುದಿಲ್ಲ. ಬ್ಯಾಗ್ ಇಟ್ಟುಕೊಳ್ಳುವವರೂ ಅಲ್ಲಿಲ್ಲ. ದೂರದಿಂದ ಬಂದವರಿಗೆ ಇದೇ ದೊಡ್ಡ ಕಷ್ಟ, ಒಂದು ಜೊತೆ ಬಟ್ಟೆಯಾದರೂ ಕೈಯಲ್ಲಿರುತ್ತದಲ್ಲ. ಅದನ್ನು ನೆಂಟರ ಮನೆಯಲ್ಲೋ ಮೆಜೆಸ್ಟಿಕ್‌ನ ಲಗೇಜ್ ಕೊಠಡಿಯಲ್ಲೋ ಇಟ್ಟು ಬನ್ನಿ. ಕಟ್ಟಿಕೊಂಡು ಬಂದ ಚಿತ್ರಾನ್ನವನ್ನು ಕಬ್ಬನ್ ಪಾರ್ಕಿನ ಮರದಡಿ ಮುಗಿಸಿ. ಫೋನನ್ನು ಪೂರ್ತಿ ಚಾರ್ಜ್ ಮಾಡಿರಿ, ಏಕೆಂದರೆ ಪಂದ್ಯದ ಟಿಕೆಟ್, ಮೆಟ್ರೋ, ಬಸ್ಸು ಎಲ್ಲವೂ ಅದರಲ್ಲೇ ಇವೆ.

ಏಪ್ರಿಲ್, ಮೇ ಸಂಜೆಗಳಲ್ಲಿ ಮಳೆ ಬಂದೀತು. ಹಾಗೆಂದು ಎದ್ದು ಹೊರಡಬೇಡಿ. 2017ರಲ್ಲಿ ಇಲ್ಲಿ ಹುಲ್ಲಿನ ಕೆಳಗೆ ಕೊಳವೆಗಳ ಜಾಲ ಹಾಕಿ, ನೀರನ್ನು ಯಂತ್ರದಿಂದ ಎಳೆದುಕೊಳ್ಳುವ ವ್ಯವಸ್ಥೆ ಮಾಡಿದ್ದಾರೆ. ಮಳೆ ನಿಂತರೆ ಬೇಗನೆ ಆಟ ಶುರುವಾಗುತ್ತದೆ. ಮಳೆ ನಿಲ್ಲದಿದ್ದರೆ ಯಂತ್ರವೇನು ಮಾಡೀತು? 2025ರ ಮೇ 17ರಂದು ಕೋಲ್ಕತ್ತ ವಿರುದ್ಧದ ಪಂದ್ಯ ಒಂದು ಎಸೆತವೂ ಇಲ್ಲದೆ ರದ್ದಾಯಿತು. ಅಂದು ಟಿಕೆಟ್ ಹಣ ವಾಪಸ್ ಕೊಡುವುದಾಗಿ ತಂಡ ಪ್ರಕಟಿಸಿತು, ಬಸ್ ಚಾರ್ಜು ನಮ್ಮದೇ.

ಇಷ್ಟೆಲ್ಲ ಹೇಳಿದ ಮೇಲೂ, ಮೊದಲ ಸಲ ಚಿನ್ನಸ್ವಾಮಿ ನೋಡಹೊರಟವರಿಗೆ, ಅದರಲ್ಲೂ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ, ನಾನು ಹೇಳುವುದು ರಣಜಿ ಪಂದ್ಯವನ್ನೇ. ಸಾಮಾನ್ಯವಾಗಿ ಪ್ರವೇಶ ಉಚಿತ, ನೂಕುನುಗ್ಗಲಿಲ್ಲ. ಚೆಂಡು ಬ್ಯಾಟಿಗೆ ತಾಗುವ ಸದ್ದು, ವಿಕೆಟ್ ಕೀಪರ್ ಕನ್ನಡದಲ್ಲಿ ಬೌಲರನ್ನು ಹುರಿದುಂಬಿಸುವ ಮಾತು ಎರಡೂ ಕೇಳಿಸುತ್ತವೆ. ನಮ್ಮ ಜಿಲ್ಲೆಗೆ ಆ ನೆಲದ ನಂಟೂ ಇದೆ. ಅರಸೀಕೆರೆ ತಾಲ್ಲೂಕಿನ ಜಾವಗಲ್ಲನ್ನು ಹೆಸರಲ್ಲೇ ಹೊತ್ತ ಶ್ರೀನಾಥ್, ಕಾಸರಗೋಡಿನ ಕುಂಬಳೆಯನ್ನು ಹೊತ್ತ ಅನಿಲ್ ಕುಂಬ್ಳೆ ಇಬ್ಬರೂ 1996ರ ಅಕ್ಟೋಬರ್ 21ರಂದು ಇಲ್ಲಿ ಆಸ್ಟ್ರೇಲಿಯಾ ವಿರುದ್ಧ ಮುರಿಯದ 52 ರನ್ ಜೊತೆಯಾಟವಾಡಿ, ಎಂಟು ವಿಕೆಟ್ ಕಳೆದುಕೊಂಡಿದ್ದ ಭಾರತವನ್ನು ಗೆಲ್ಲಿಸಿದರು. ಅರಸೀಕೆರೆಯಲ್ಲೇ ಹುಟ್ಟಿದ ವೇಗಿ ಡೇವಿಡ್ ಜಾನ್ಸನ್ ಅದೇ ವರ್ಷ ಭಾರತಕ್ಕೆ ಎರಡು ಟೆಸ್ಟ್ ಆಡಿದರು. ಅವರು 2024ರಲ್ಲಿ ತೀರಿಕೊಂಡರು. ಈ ಹೆಸರುಗಳನ್ನು ಆ ಮೈದಾನದಲ್ಲೇ ಕೂತು ಮಕ್ಕಳಿಗೆ ಹೇಳಬೇಕು.

ಹೊಳೆನರಸೀಪುರ, ಅರಕಲಗೂಡಿನವರು ಇನ್ನೊಂದನ್ನು ಗಮನಿಸಿ: ರಣಜಿಯ ಕೆಲವು ಪಂದ್ಯಗಳು ಮೈಸೂರಿನ ಮಾನಸಗಂಗೋತ್ರಿ ಪಕ್ಕದ ಮೈದಾನಕ್ಕೂ ಬರುತ್ತವೆ. ಅದು ನಿಮಗೆ ಬೆಂಗಳೂರಿಗಿಂತ ಹತ್ತಿರ, ಹೊಳೆನರಸೀಪುರದಿಂದ ನೇರ ರೈಲೂ ಇದೆ. ಆಟ ಬೆಳಿಗ್ಗೆ ಒಂಬತ್ತೂವರೆ ಹೊತ್ತಿಗೆ ಶುರುವಾಗಿ ಸಂಜೆ ಬೆಳಕಿರುವಾಗಲೇ ಮುಗಿಯುತ್ತದೆ. ರಾತ್ರಿ ಊಟಕ್ಕೆ ಮನೆಯಲ್ಲಿರುತ್ತೀರಿ.